ಮೊದಲು ಒಣ ನೆಲ, ಆಮೇಲೆ ಕುದುರೆ

ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿಯುತ್ತಾ ಬಂದ ಹಾಗೆ, ಜನವರಿ–ಫೆಬ್ರವರಿಯಲ್ಲಿ, ಕುದುರೆ ಸಾಕುವ ನನಗೆ ಇಂಥ ಫೋನುಗಳು ಶುರುವಾಗುತ್ತವೆ. ‘ಒಂದು ಕುದುರೆ ತಗೋಬೇಕು ಅಂತಿದ್ದೀವಿ. ಮಗಳಿಗೆ ಭಾರಿ ಆಸೆ. ಜಾಗ ಇದೆ, ಹುಲ್ಲಿದೆ. ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ?’ ಹೊರಗೆ ಬಿಸಿಲು ಚೆನ್ನಾಗಿರುತ್ತದೆ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಕೊಯ್ದ ಗದ್ದೆ ಗಟ್ಟಿಯಾಗಿ, ಕುದುರೆ ಓಡಿಸಲೆಂದೇ ಬಿಟ್ಟ ಹಾಗೆ ಕಾಣುತ್ತದೆ. ಆ ಹೊತ್ತಿನಲ್ಲಿ ಯಾರಿಗೆ ತಾನೆ ಆಸೆಯಾಗುವುದಿಲ್ಲ?

ನಾನು ಅವರಿಗೆ ತಿರುಗಿ ಕೇಳುವುದು ಒಂದೇ. ಜುಲೈ ತಿಂಗಳಲ್ಲಿ, ಹತ್ತು ದಿನ ಬಿಡದೆ ಮಳೆ ಹೊಡೆಯುವಾಗ, ಆ ಕುದುರೆ ಎಲ್ಲಿ ನಿಂತಿರುತ್ತದೆ?

ನಾನು ಮೊದಲ ಕುದುರೆ ತಂದಾಗ ಇದನ್ನು ನನಗೆ ಯಾರೂ ಕೇಳಲಿಲ್ಲ. ರೇಸಿನಿಂದ ನಿವೃತ್ತಿಯಾಗಿ ಬಂದ ಆರು ವರ್ಷದ ಕಂದು ಕುದುರೆ. ಹಳೆಯ ದನದ ಕೊಟ್ಟಿಗೆಯಲ್ಲೇ ಕಟ್ಟಿದೆ. ಹಸುಗಳು ಇಪ್ಪತ್ತು ವರ್ಷ ಇದ್ದ ಜಾಗ, ಕುದುರೆಗೇನು ತೊಂದರೆ ಅಂದುಕೊಂಡೆ. ಆಗಸ್ಟ್ ಮೊದಲ ವಾರ ಒಂದು ಸಂಜೆ ಅದು ಮುಂದಿನ ಎಡಗಾಲು ಊರಲು ಹಿಂಜರಿಯಿತು. ಕಾಲೆತ್ತಿ ಹಿಡಿದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಗೊರಸಿನೊಳಗಿನ ಕೆಸರನ್ನು ಕೊಕ್ಕೆಯಿಂದ ಕೆರೆದೆ. ಕೆಸರಿನ ಹಿಂದೆಯೇ ಕಪ್ಪು ಲೇಹ್ಯದಂಥದ್ದು ಬಂತು. ಆ ಕೊಳೆತ ವಾಸನೆ ಎಷ್ಟು ತೊಳೆದರೂ ಎರಡು ದಿನ ಕೈಬಿಡಲಿಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು, ಕಾಲನ್ನು ಕಿತ್ತುಕೊಳ್ಳುತ್ತಿತ್ತು. ಆ ಕಾಲು ನೆಟ್ಟಗಾಗಲು ದಸರಾ ಕಳೆಯಬೇಕಾಯಿತು. ತಪ್ಪು ಕುದುರೆಯದ್ದಲ್ಲ, ನಾನು ಅದನ್ನು ನಿಲ್ಲಿಸಿದ ನೆಲದ್ದು.

ಕುದುರೆಯ ಗೊರಸಿನ ಅಡಿಯಲ್ಲಿ, ಹಿಮ್ಮಡಿಯಿಂದ ಮುಂದಕ್ಕೆ ಮೊನಚಾಗುತ್ತಾ ಹೋಗುವ, ರಬ್ಬರಿನಂತೆ ಕೊಂಚ ಬಗ್ಗುವ ತ್ರಿಕೋನದ ಭಾಗವಿದೆ. ಅದಕ್ಕೆ ಫ್ರಾಗ್ ಅಂತಾರೆ. ಅದರ ಎರಡೂ ಬದಿಯಲ್ಲಿ ಆಳವಾದ ಗೀರುಗಳು. ಕುದುರೆ ಹೆಜ್ಜೆ ಊರಿದಾಗ ಗೊರಸಿನ ಹಿಂಭಾಗ ಸ್ವಲ್ಪ ಹಿಗ್ಗುತ್ತದೆ, ಎತ್ತಿದಾಗ ಕುಗ್ಗುತ್ತದೆ. ಕಾಲಿನ ತುದಿಯಿಂದ ರಕ್ತ ಮೇಲಕ್ಕೇರಲು ಇದೂ ಒಂದು ಪಂಪಿನ ಹಾಗೆ. ಹಾಗಾಗಿ ಓಡಾಡುವ ಕುದುರೆಯ ಗೊರಸು ಚೆನ್ನಾಗಿರುತ್ತದೆ. ಲದ್ದಿ, ಗಂಜಲ, ಕೆಸರಿನಲ್ಲಿ ಹಗಲೂ ರಾತ್ರಿ ನಿಂತರೆ ಆ ಗೀರುಗಳು ಮುಚ್ಚಿಹೋಗುತ್ತವೆ. ಗಾಳಿ ಬೇಡದ ಬ್ಯಾಕ್ಟೀರಿಯಾ ಅಲ್ಲೇ ಬೆಳೆದು ಫ್ರಾಗನ್ನು ತಿನ್ನುತ್ತವೆ. ಈ ರೋಗಕ್ಕೆ ಥ್ರಶ್ ಎಂದು ಹೆಸರು.

ಹಾಗಾದರೆ ಹಸು ಹೇಗೆ ನಿಭಾಯಿಸಿತು? ಹಸುವಿಗೂ ಗೊರಸಿನ ತೊಂದರೆ ಇದ್ದೇ ಇದೆ. ಆದರೆ ಅದು ದಿನದ ಅರ್ಧ ಹೊತ್ತು ಮಲಗಿ ಮೆಲುಕು ಹಾಕುತ್ತದೆ. ಕುದುರೆ ಹೆಚ್ಚು ಕಡಿಮೆ ಇಡೀ ದಿನ ನಿಂತೇ ಇರುತ್ತದೆ, ನಿಂತೇ ತೂಕಡಿಸುತ್ತದೆ. ಗಾಢ ನಿದ್ದೆಗೆ ಮಾತ್ರ ಮಲಗುತ್ತದೆ, ಅದೂ ದಿನಕ್ಕೆ ಅರ್ಧ–ಒಂದು ಗಂಟೆ. ನೆಲ ಒದ್ದೆಯಾಗಿದ್ದರೆ ಅದಕ್ಕೂ ಮಲಗುವುದಿಲ್ಲ. ನಿದ್ದೆಗೆಟ್ಟ ಕುದುರೆ ನಿಂತಲ್ಲೇ ಮುಂಗಾಲು ಮಡಚಿ ಕುಸಿಯುವುದೂ ಉಂಟು.

ಅದಕ್ಕೇ ಕುದುರೆಗಿಂತ ಮೊದಲು ಲಾಯ. ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಜಾಗ ಬೇಕು. ನೆಲ ಸುತ್ತಲಿನ ಅಂಗಳಕ್ಕಿಂತ ಎತ್ತರವಿರಲಿ, ಗಂಜಲ ಹರಿದುಹೋಗುವಷ್ಟು ಇಳಿಜಾರಿರಲಿ. ಬರಿ ಸಿಮೆಂಟು ಕಾಲಿಗೆ ಒಳ್ಳೆಯದಲ್ಲ, ಮೇಲೆ ರಬ್ಬರ್ ಮ್ಯಾಟ್ ಹಾಸಬೇಕು. ಮಾಡು ಗೋಡೆಯಿಂದ ಮೂರು–ನಾಲ್ಕು ಅಡಿ ಮುಂದೆ ಬಂದಿರಬೇಕು, ಇಲ್ಲದಿದ್ದರೆ ನಮ್ಮ ಗಾಳಿಮಳೆಗೆ ಇರಚಲು ನೇರ ಒಳಗೇ. ಹಾಗಂತ ಇರಚಲಿಗೆ ಹೆದರಿ ನಾಲ್ಕೂ ಕಡೆ ಟಾರ್ಪಾಲು ಕಟ್ಟಿ ಮುಚ್ಚಬೇಡಿ. ಗಂಜಲದ ಘಾಟು ಒಳಗೇ ನಿಂತು ಶ್ವಾಸಕೋಶ ಹಾಳಾಗುತ್ತದೆ. ನೀವು ಒಳಗೆ ಕಾಲಿಟ್ಟಾಗ ಕಣ್ಣು ಉರಿದರೆ ಕುದುರೆಗೆ ಅಲ್ಲಿ ಗಾಳಿ ಸಾಲದು ಎಂದೇ ಅರ್ಥ. ಹಾಸಲು ಮರದ ಸಿಪ್ಪೆಪುಡಿ ಒಳ್ಳೆಯದು. ಕಾಫಿ ಸಿಪ್ಪೆ ನಮ್ಮಲ್ಲಿ ರಾಶಿ ಬಿದ್ದಿರುತ್ತದೆ ಅಂತ ಅದನ್ನು ಹಾಸಬೇಡಿ. ಅದರಲ್ಲಿ ಕೆಫೀನ್ ಇದೆ, ಕುದುರೆ ಹಾಸಿದ್ದನ್ನು ಮೇಯದೆ ಬಿಡುವುದಿಲ್ಲ.

ಲಾಯದ ಹೊರಗೂ ಒಂದಿಷ್ಟು ಗಟ್ಟಿ ಜಾಗ ಬೇಕು. ಜಲ್ಲಿ ಹರಡಿ, ತುಳಿದು, ಮೇಲೆ ಮರಳು ಹಾಕಿದ ಅಂಗಳವಾದರೂ ಸಾಕು. ಮಳೆ ಬಿಟ್ಟ ಒಂದು ಗಂಟೆ ಕುದುರೆ ಅಲ್ಲಿ ತಿರುಗಾಡಬಹುದು. ಇದಕ್ಕೆ ಆಗುವ ಖರ್ಚು ಎಷ್ಟೋ ಸಲ ಕುದುರೆಯ ಬೆಲೆಗಿಂತ ಜಾಸ್ತಿ. ಇದನ್ನು ಕೇಳಿದ ಕೂಡಲೇ ಅರ್ಧ ಜನ ಫೋನ್ ಇಡುತ್ತಾರೆ. ಇಡಲಿ. ಒಂದು ಕುದುರೆ ಉಳಿಯಿತು ಎಂದೇ ನನಗೆ ಸಮಾಧಾನ.

ಕೊಡಗು ಅಂದರೆ ಎಲ್ಲ ಕಡೆ ಒಂದೇ ಮಳೆಯಲ್ಲ. ಕುಶಾಲನಗರದ ಬಯಲಿನಲ್ಲಿರುವವರಿಗೆ ನಾನು ಹೇಳುವ ಅರ್ಧದಷ್ಟೂ ಕಷ್ಟವಿಲ್ಲ. ಭಾಗಮಂಡಲ, ನಾಪೋಕ್ಲು, ಮಡಿಕೇರಿಯ ಆಸುಪಾಸಿನವರು ಮಾತ್ರ ಎರಡು ಸಲ ಯೋಚಿಸಬೇಕು. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಕುದುರೆಯ ಬೆನ್ನು ಒಣಗುವುದೇ ಕಷ್ಟ. ಬೆನ್ನಿನ ಮೇಲೆ ಸಣ್ಣ ಸಣ್ಣ ಹಕ್ಕಳೆ ಏಳುತ್ತವೆ. ಕಿತ್ತರೆ ಕೂದಲಿನ ಗೊಂಚಲು ಬಣ್ಣದ ಬ್ರಷ್ಷಿನ ಹಾಗೆ ಕೈಗೆ ಬರುತ್ತದೆ. ಅದು ಮಳೆಯಿಂದ ಬರುವ ಚರ್ಮದ ಸೋಂಕು. ಅದರ ಮೇಲೆ ಜೀನು ಹಾಕುವ ಹಾಗಿಲ್ಲ. ಗೊರಸಿನ ಮೇಲಿನ ಮಡಿಕೆಯಲ್ಲೂ ಇದೇ ರೀತಿ ಬಿರುಕು ಬಿಟ್ಟು ಕೀವಾಗುತ್ತದೆ. ಜಿಗಣೆ ಸರಿಯೇ ಸರಿ, ಕಾಲಿಗೆ ಹತ್ತಿದ್ದು ಕಾಣುತ್ತದೆ, ಮೂಗಿನೊಳಗೆ ಸೇರಿದ್ದು ಕಾಣುವುದಿಲ್ಲ.

ಜಿಗಣೆಗಿಂತ ನನಗೆ ಹೆದರಿಕೆ ನೊಣ ಮತ್ತು ಉಣ್ಣೆಯದ್ದು. ಕಚ್ಚಿ ರಕ್ತ ಹೀರುವ ದೊಡ್ಡ ನೊಣಗಳಿಂದ ಸರ್ರಾ ಎಂಬ ರೋಗ ಹರಡುತ್ತದೆ. ಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಕುದುರೆ ತಿನ್ನುತ್ತಿದ್ದರೂ ಇಳಿದುಹೋಗುತ್ತದೆ. ಕಾಲು, ಹೊಟ್ಟೆಯ ಅಡಿ ಊದುತ್ತದೆ. ಉಣ್ಣೆಯಿಂದ ಬರುವ ಬಬೇಸಿಯಾ ಕೂಡ ಹೀಗೆಯೇ ರಕ್ತ ಹಾಳುಮಾಡುತ್ತದೆ. ಎರಡನ್ನೂ ರಕ್ತಪರೀಕ್ಷೆಯಲ್ಲಿ ಹಿಡಿಯಬಹುದು, ಔಷಧಿಯೂ ಇದೆ. ಹಿಡಿಯುವುದು ತಡವಾಗಬಾರದು ಅಷ್ಟೇ. ಅದಕ್ಕೆ ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ಆರೋಗ್ಯವಾಗಿರುವ ಕುದುರೆಯ ಮೈಬಿಸಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಸುಮ್ಮನೆ ನಿಂತಾಗ ನಾಡಿ ನಿಮಿಷಕ್ಕೆ 28ರಿಂದ 44. ನಿಮ್ಮ ಕುದುರೆಯ ಮಾಮೂಲಿ ಲೆಕ್ಕ ಎಷ್ಟು ಎಂದು ಅದು ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳಿ.

ಇನ್ನು ಹೊಟ್ಟೆಯ ವಿಷಯ. ಇಲ್ಲಿ ನಾನು ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತೇನೆ, ಏಕೆಂದರೆ ‘ಹುಲ್ಲಿದೆ’ ಎಂಬ ಮಾತೇ ನಮ್ಮವರನ್ನು ಹೆಚ್ಚು ದಾರಿ ತಪ್ಪಿಸುವುದು.

ಕುದುರೆಯ ಜಠರ ಅದರ ಗಾತ್ರಕ್ಕೆ ಹೋಲಿಸಿದರೆ ತೀರಾ ಚಿಕ್ಕದು. ದಿನವಿಡೀ ಸ್ವಲ್ಪ ಸ್ವಲ್ಪ ಮೇಯಲೆಂದೇ ಆದ ಹೊಟ್ಟೆ ಅದು. ನಾರನ್ನು ಹುದುಗಿಸಿ ಜೀರ್ಣ ಮಾಡುವ ಕೆಲಸ ಹಿಂದಿನ ದೊಡ್ಡ ಕರುಳಿನಲ್ಲಿ ನಡೆಯುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಕೆಟ್ಟದ್ದಾದರೂ ಇಡೀ ದಾರಿ ಸವೆಸಿಯೇ ಹೊರಬರಬೇಕು. ಹೊಟ್ಟೆನೋವು, ಅಂದರೆ ಕೋಲಿಕ್, ಕುದುರೆಗಳನ್ನು ಕೊಲ್ಲುವ ದೊಡ್ಡ ಕಾರಣ ಆಗಿರುವುದು ಅದಕ್ಕೇ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 6ರಿಂದ 8 ಕಿಲೋ ಒಣ ಮೇವು ಬೇಕು. ಮಳೆಗಾಲದ ನಾಲ್ಕು ತಿಂಗಳಿಗೆ ಲೆಕ್ಕ ಹಾಕಿ, ಹತ್ತಿರ ಹತ್ತಿರ ಒಂದು ಟನ್. ಅಷ್ಟನ್ನೂ ಮೇ ತಿಂಗಳೊಳಗೆ ತಂದು, ಬೂಸ್ಟು ಹಿಡಿಯದ ಹಾಗೆ ಅಟ್ಟದ ಮೇಲೆ ಇಡಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಆಗ ಮೇವಿನ ಲಾರಿ ಬರುತ್ತದೆ ಅಂತ ಕಾಯಲು ಆಗುತ್ತಿತ್ತಾ?

ಮೇವು ಅಂದರೆ ಯಾವುದು? ಭತ್ತದ ಹುಲ್ಲು ನಮ್ಮಲ್ಲೇ ಇದೆ, ಆದರೆ ಅದರಲ್ಲಿ ಸಾರ ಕಡಿಮೆ. ಬಾಯಿಗೆ ಕೆಲಸ ಕೊಡಲು ಪರವಾಗಿಲ್ಲ, ಅದೊಂದನ್ನೇ ನಂಬುವ ಹಾಗಿಲ್ಲ. ಹಸು ಸಾಕುವವರ ಮನೆಯಲ್ಲಿ ನೇಪಿಯರ್ ಹುಲ್ಲು ಇರುತ್ತದೆ, ಜೊತೆಗೆ ಬೂಸಾ, ತವುಡು. ಹಸುವಿಗೆ ಹಾಕಿದ್ದನ್ನೇ ಕುದುರೆಗೂ ಹಾಕಿದರಾಯಿತು ಎಂದು ಮನಸ್ಸು ಹೇಳುತ್ತದೆ. ಇಲ್ಲೊಂದು ಅಪಾಯವಿದೆ, ಅದು ಕಣ್ಣಿಗೆ ಕಾಣುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಬೂಸಾದಲ್ಲಿ, ತವುಡಿನಲ್ಲಿ ರಂಜಕ (ಫಾಸ್ಫರಸ್) ಬಹಳ, ಸುಣ್ಣದಂಶ (ಕ್ಯಾಲ್ಸಿಯಂ) ತೀರಾ ಕಡಿಮೆ. ದೇಹಕ್ಕೆ ಬೇಕಾದದ್ದು ಇದರ ತಿರುಗುಮುರುಗು: ಸುಣ್ಣದಂಶ ರಂಜಕಕ್ಕಿಂತ ಜಾಸ್ತಿ ಇರಬೇಕು. ರಂಜಕ ಹೆಚ್ಚಾದಾಗ ಇದ್ದ ಸುಣ್ಣವೂ ಮೈಗೆ ಹತ್ತುವುದಿಲ್ಲ. ಇತ್ತ ನೇಪಿಯರ್, ಗಿನಿ ಹುಲ್ಲಿನಂಥವುಗಳಲ್ಲಿ ಆಕ್ಸಲೇಟ್ ಎಂಬ ವಸ್ತುವಿದೆ. ಅದು ಸುಣ್ಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಲದ್ದಿಯ ಜೊತೆ ಹೊರಗೆ ಒಯ್ಯುತ್ತದೆ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ಆಕ್ಸಲೇಟನ್ನು ಮೊದಲೇ ಒಡೆದುಹಾಕುತ್ತವೆ. ಕುದುರೆಯಲ್ಲಿ ಆ ವ್ಯವಸ್ಥೆ ಇರುವುದು ಹಿಂದಿನ ಕರುಳಿನಲ್ಲಿ. ಸುಣ್ಣ ಹೀರಿಕೊಳ್ಳುವ ಜಾಗ ಅದಕ್ಕಿಂತ ಮುಂಚೆಯೇ ದಾಟಿಹೋಗಿರುತ್ತದೆ. ಹೀಗೆ ಎರಡು ಕಡೆಯಿಂದ ಕನ್ನ ಬಿದ್ದಾಗ ದೇಹ ತನ್ನ ಮೂಳೆಯಿಂದಲೇ ಸುಣ್ಣ ತೆಗೆಯಲು ಶುರುಮಾಡುತ್ತದೆ. ಮೊದಮೊದಲು ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟು. ಆಮೇಲೆ ದವಡೆ ಮತ್ತು ಮುಖದ ಮೂಳೆ ಮೆತ್ತಗಾಗಿ ಎರಡೂ ಬದಿ ಉಬ್ಬುತ್ತದೆ. ಇಂಗ್ಲಿಷಿನವರು ಬಿಗ್ ಹೆಡ್ ಎಂದು ಕರೆದದ್ದು ಇದನ್ನೇ. ಮನೆಯವರು ಮಾತ್ರ ‘ತವುಡು ಚೆನ್ನಾಗಿ ಹಾಕ್ತಿದ್ದೀವಲ್ಲ’ ಎನ್ನುತ್ತಿರುತ್ತಾರೆ.

ಹಾಗಾಗಿ ಬೂಸಾ, ತವುಡನ್ನು ಹಿಡಿತದಲ್ಲಿಡಿ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಕುದುರೆಗೆ ಒಳ್ಳೆಯದು, ಹೆಸರೇ ಹೇಳುತ್ತದಲ್ವಾ, ಅದರಲ್ಲಿ ಸುಣ್ಣದಂಶ ಚೆನ್ನಾಗಿದೆ. ಅದನ್ನು ಒಣಗಿಸಿದ್ದು ತರಿಸಿ ದಿನಕ್ಕೆ ಒಂದೆರಡು ಕಿಲೋ ಸೇರಿಸಬಹುದು. ಸುಣ್ಣಕಲ್ಲಿನ ಪುಡಿ ಎಷ್ಟು ಬೇಕು ಎಂದು ಡಾಕ್ಟರ್ ಹೇಳುತ್ತಾರೆ. ಹುರುಳಿ ನೆನೆಸಿ ಬೇಯಿಸಿ ಕೊಡುವುದು ನಮ್ಮ ಹಳೆಯ ಪದ್ಧತಿ, ಕೆಲಸ ಮಾಡುವ ಕುದುರೆಗೆ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಸುಮ್ನೆ ನಿಂತಿರುವ ಕುದುರೆಗೆ ಅದೇ ಪ್ರಮಾಣ ಕೊಟ್ಟರೆ ಕೊಬ್ಬೇರಿ, ಕುಣಿದು, ಕೊನೆಗೆ ಕಾಲು ಹಿಡಿಯುತ್ತದೆ. ಕೆಲಸ ಇಳಿದ ದಿನವೇ ಕಾಳೂ ಇಳಿಯಬೇಕು.

ಇನ್ನೊಂದು ಮಾತು. ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಕೋಳಿಯ ಆಹಾರವನ್ನು, ಹಸುವಿನ ಮೂಟೆಯ ಆಹಾರವನ್ನು ಕುದುರೆಗೆ ಎಂದೂ ಹಾಕಬಾರದು. ಕೋಳಿ ಆಹಾರದಲ್ಲಿ, ಕೆಲವು ದನದ ಆಹಾರದಲ್ಲಿ ಮೊನೆನ್ಸಿನ್, ಸಲಿನೋಮೈಸಿನ್ ಎಂಬ ಔಷಧಿಗಳನ್ನು ಬೆರೆಸಿರುತ್ತಾರೆ. ಕೋಳಿಗೆ ಏನೂ ಆಗದ ಪ್ರಮಾಣ ಕುದುರೆಯ ಹೃದಯದ ಸ್ನಾಯುವನ್ನೇ ಹಾಳುಮಾಡುತ್ತದೆ. ಅದಕ್ಕೆ ಮದ್ದಿಲ್ಲ. ಕೋಳಿ, ಹಸು, ಕುದುರೆ ಮೂರೂ ಇರುವ ಮನೆಯಲ್ಲಿ ಬಕೆಟ್ಟುಗಳೂ ಬೇರೆಯಾಗಿರಲಿ. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದ ಮೇಲೆ ಆ ಬದಿಯ ಹುಲ್ಲನ್ನು ಮೇಯಿಸಬೇಡಿ. ಬೇಲಿಯಲ್ಲಿ ಕಣಗಿಲೆ ಇದ್ದರೆ ಕಿತ್ತುಹಾಕಿ, ಅದರ ಕೆಲವೇ ಎಲೆ ಸಾಕು ಜೀವ ಹೋಗಲು. ಲಂಟಾನವೂ ಒಳ್ಳೆಯದಲ್ಲ.

ಜಾಗವಾಯಿತು, ಮೇವಾಯಿತು. ಈಗ ಜನ. ಕುದುರೆ ಕೊಳ್ಳುವ ಮೊದಲು ಇಬ್ಬರ ಫೋನ್ ನಂಬರ್ ನಿಮ್ಮ ಹತ್ತಿರ ಇರಬೇಕು: ಲಾಳ ಕಟ್ಟುವವರು, ಕುದುರೆ ನೋಡಿ ಗೊತ್ತಿರುವ ಡಾಕ್ಟರ್. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಲಾಳ ಇರಲಿ ಬಿಡಲಿ, ಆರರಿಂದ ಎಂಟು ವಾರಕ್ಕೊಮ್ಮೆ ಅದನ್ನು ಕತ್ತರಿಸಿ ಸಮ ಮಾಡಬೇಕು. ನಮ್ಮಲ್ಲಿ ಆ ಕೆಲಸದವರು ಕಡಿಮೆ, ಹೆಚ್ಚಿನವರು ಮೈಸೂರು, ಬೆಂಗಳೂರು ಕಡೆಯಿಂದ ಬರಬೇಕು. ನಾಲ್ಕಾರು ಮನೆಯವರು ಸೇರಿ ಒಂದೇ ದಿನ ಕರೆಸಿದರೆ ಎಲ್ಲರಿಗೂ ಅನುಕೂಲ. ಪಶು ಆಸ್ಪತ್ರೆಯ ಡಾಕ್ಟರುಗಳು ಹಸು, ಹಂದಿ, ನಾಯಿ ನೋಡಿ ಪಳಗಿದವರು. ಎಷ್ಟೋ ಜನರಿಗೆ ಕುದುರೆ ಅಪರೂಪ. ಅವರನ್ನು ಮೊದಲೇ ಹೋಗಿ ಮಾತಾಡಿಸಿ. ಫೋನಿನಲ್ಲಿ ಅವರಿಗೆ ಸಲಹೆ ಕೊಡಬಲ್ಲ ಕುದುರೆ ಡಾಕ್ಟರೊಬ್ಬರನ್ನು ಗೊತ್ತುಮಾಡಿ. ಮಡಿಕೇರಿಯಿಂದ ಮೈಸೂರಿಗೆ ಹತ್ತಿರ ಹತ್ತಿರ 120 ಕಿಲೋಮೀಟರ್. ರಾತ್ರಿ ಹನ್ನೊಂದಕ್ಕೆ ಕುದುರೆ ನೆಲ ಕೆರೆಯುತ್ತಾ, ಪಕ್ಕೆ ತಿರುಗಿ ನೋಡುತ್ತಾ, ಮಲಗಿ ಹೊರಳುತ್ತಾ ಇದ್ದರೆ ಆ ದೂರ ಬಹಳ ದೊಡ್ಡದು.

ಧನುರ್ವಾತದ ಲಸಿಕೆ ಹಾಕಿಸಲೇಬೇಕು, ಕುದುರೆಗೆ ಆ ರೋಗ ಬಲು ಬೇಗ ತಗಲುತ್ತದೆ. ನಾಯಿಗಳಿರುವ ತೋಟದಲ್ಲಿ ರೇಬೀಸಿನದ್ದೂ ಬೇಕು.

ಈಗ ಕುದುರೆಯ ಆಯ್ಕೆ. ನಮ್ಮ ಕಡೆಗೆ ಬರುವ ಕುದುರೆಗಳಲ್ಲಿ ಹೆಚ್ಚಿನವು ಎರಡು ಬಗೆ. ಒಂದು, ಬೆಂಗಳೂರು, ಮೈಸೂರಿನ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್, ಅಂದರೆ ಓಟಕ್ಕೆಂದೇ ಬೆಳೆಸಿದ ತಳಿ. ಇನ್ನೊಂದು, ಮಾರ್ವಾಡಿ, ಕಾಠಿಯಾವಾಡಿ ಎಂಬ ದೇಶಿ ತಳಿಗಳ ರಕ್ತದ ಕುದುರೆಗಳು, ಅಥವಾ ಅವುಗಳ ಬೆರಕೆ. ಕಿವಿಯ ತುದಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಹಾಗಿರುವುದು ಇವುಗಳ ಗುರುತು.

ರೇಸಿನ ಕುದುರೆ ಕಡಿಮೆ ಬೆಲೆಗೆ ಸಿಗುತ್ತದೆ, ನೋಡಲು ದೇವತೆಯ ಹಾಗಿರುತ್ತದೆ. ಮನೆ ಸಿಕ್ಕದ ಆ ಕುದುರೆಗಳ ಬಗ್ಗೆ ನನಗೂ ಕರುಳು ಕಿವುಚುತ್ತದೆ. ಆದರೂ ಮೊದಲ ಸಲದವರಿಗೆ ನಾನು ಅದನ್ನು ಹೇಳುವುದಿಲ್ಲ. ಅದಕ್ಕೆ ಚಿಕ್ಕಂದಿನಿಂದ ಕಲಿಸಿದ್ದು ಒಂದೇ, ಓಡುವುದು. ಹೊಸಬರು ಹೆದರಿ ಲಗಾಮು ಬಿಗಿಹಿಡಿದರೆ ಅದು ನಿಲ್ಲುವುದಿಲ್ಲ, ಲಗಾಮಿನ ಮೇಲೆ ಭಾರ ಬಿಟ್ಟು ಇನ್ನೂ ಜೋರಾಗುತ್ತದೆ. ಅದರ ತಪ್ಪಲ್ಲ, ಹಾಗೆಯೇ ಕಲಿತಿದೆ. ಅದನ್ನು ಮರೆಸಿ ಹೊಸದು ಕಲಿಸಲು ಬಲ್ಲವರು ಬೇಕು, ತಿಂಗಳುಗಟ್ಟಲೆ ಸಮಯ ಬೇಕು. ಜೊತೆಗೆ ತೆಳು ಚರ್ಮ, ಎಷ್ಟೋ ಸಲ ತೆಳು ಗೊರಸು. ನಮ್ಮ ಮಳೆಗೆ ಇವೆರಡೂ ಕಷ್ಟ.

ದೇಶಿ ಬೆರಕೆಯ, ಎಂಟರಿಂದ ಹದಿನಾಲ್ಕು ವರ್ಷದೊಳಗಿನ, ಬೀಜ ಒಡೆದ ಗಂಡು ಅಥವಾ ಸಾಧು ಹೆಣ್ಣು ಕುದುರೆ. ಮೊದಲ ಕುದುರೆಗೆ ನನ್ನ ಮಾತು ಇದು. ‘ಮಗಳೂ ಚಿಕ್ಕವಳು, ಮರಿಯನ್ನೇ ತಂದರೆ ಒಟ್ಟಿಗೆ ಬೆಳೆಯುತ್ತವೆ’ ಎನ್ನುತ್ತಾರೆ. ಕೇಳಲು ಚಂದ. ಇಬ್ಬರಿಗೂ ಏನೂ ಗೊತ್ತಿಲ್ಲದಿದ್ದರೆ ಕಲಿಸುವವರು ಯಾರು? ಕುದುರೆಗೆ 25–30 ವರ್ಷ ಆಯಸ್ಸು, ಹನ್ನೆರಡು ಅಂದರೆ ಮುದಿಯಲ್ಲ. ಗಾತ್ರದ ಲೆಕ್ಕವೂ ಇದೆ: ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು. 350 ಕಿಲೋ ಕುದುರೆಯ ಮೇಲೆ ಜೀನು ಸಹಿತ 70 ಕಿಲೋ. ಮಗಳಿಗೆ ಅಂತ ತಂದು ಅಪ್ಪ ಹತ್ತುವ ಮನೆಗಳಿಗೆ ಈ ಮಾತು.

ನೋಡಲು ಹೋದಾಗ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ. ಕುದುರೆಯ ಮೈ ಆಗಲೇ ಬೆವರಿದ್ದರೆ, ದಣಿಸಿ ಸಾಧುಮಾಡಿದ್ದಾರೆ ಎಂದು ಗೊತ್ತಾಗುತ್ತದೆ. ಮೊದಲು ಮಾರುವವರೇ ಹತ್ತಲಿ. ಅವರು ಹತ್ತದ ಕುದುರೆಯನ್ನು ನೀವೂ ಹತ್ತಬೇಡಿ. ಆಮೇಲೆ ನೀವೇ ಹಿಡಿಯಿರಿ, ಕಟ್ಟಿ, ನಾಲ್ಕೂ ಕಾಲೆತ್ತಿ ನೋಡಿ. ಕಾಲೆತ್ತಲು ಬಿಡದ ಕುದುರೆಯ ಗೊರಸನ್ನು ಜುಲೈನಲ್ಲಿ ದಿನವೂ ತೊಳೆಯುವುದು ಹೇಗೆ?

ಕುಂಟು ನೋಡುವ ಬಗೆ ಹೇಳುತ್ತೇನೆ. ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ಒಬ್ಬರು ಕುದುರೆಯನ್ನು ನಿಮ್ಮ ಕಡೆಗೆ ಜಿಗಿನಡಿಗೆಯಲ್ಲಿ ಓಡಿಸಿಕೊಂಡು ಬರಲಿ. ನೀವು ಕಾಲು ನೋಡಬೇಡಿ, ತಲೆ ನೋಡಿ. ಚೆನ್ನಾಗಿರುವ ಕುದುರೆಯ ತಲೆ ಒಂದೇ ಮಟ್ಟದಲ್ಲಿರುತ್ತದೆ. ಮುಂಗಾಲು ನೋಯುತ್ತಿದ್ದರೆ, ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ, ಚೆನ್ನಾಗಿರುವ ಕಾಲು ತಾಗಿದಾಗ ಕೆಳಗಿಳಿಯುತ್ತದೆ. ನೋವಿನ ಕಾಲಿನ ಮೇಲೆ ಭಾರ ಬೀಳದಿರಲಿ ಎಂದು ಅದು ತಲೆ ಎತ್ತಿಕೊಳ್ಳುತ್ತದೆ. ಗೊರಸು ನೆಲಕ್ಕೆ ಬಡಿಯುವ ಸದ್ದನ್ನೂ ಕಣ್ಣು ಮುಚ್ಚಿ ಕೇಳಿ. ತಾಳ ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ.

ವಯಸ್ಸಿಗೆ ಹಲ್ಲು. ಮುಂದಿನ ಹಾಲುಹಲ್ಲುಗಳು ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಜೋಡಿ ಜೋಡಿಯಾಗಿ ಬೀಳುತ್ತವೆ. ಐದಕ್ಕೆ ಬಾಯಿ ತುಂಬುತ್ತದೆ. ಹತ್ತರ ಆಸುಪಾಸಿಗೆ ಮೇಲಿನ ಮೂಲೆಹಲ್ಲಿನ ಬುಡದಲ್ಲಿ ಕಂದು ಗೀರೊಂದು ಕಾಣಿಸಿಕೊಂಡು, ಹದಿನೈದಕ್ಕೆ ಅರ್ಧಕ್ಕೆ, ಇಪ್ಪತ್ತಕ್ಕೆ ತುದಿಗೆ ಇಳಿಯುತ್ತದೆ. ವರ್ಷದ ಲೆಕ್ಕ ಕರಾರುವಾಕ್ಕಾಗಿ ಸಿಗುವುದಿಲ್ಲ, ಎಂಟು ಅಂತ ಹದಿನೆಂಟರದ್ದನ್ನು ಕೊಡಲು ಬಂದರೆ ಸಿಕ್ಕಿಬೀಳುತ್ತಾರೆ.

ಸುಳಿ ನೋಡುವುದರ ಬಗ್ಗೆಯೂ ಕೇಳುತ್ತಾರೆ. ಹಿರಿಯರ ನಂಬಿಕೆಗೆ ನಾನು ಎದುರಾಡುವುದಿಲ್ಲ, ಮನೆಯಲ್ಲಿ ಅಜ್ಜಿ ಬೇಡ ಅಂದ ಕುದುರೆ ಮನೆಯಲ್ಲಿ ನೆಮ್ಮದಿಯಾಗಿರುವುದೂ ಕಷ್ಟ. ಆದರೆ ಕೂದಲಿನ ಸುಳಿ ಕಾಲಿನ ಸಂಗತಿ ಹೇಳುವುದಿಲ್ಲ, ಗುಣದ ಸಂಗತಿಯನ್ನೂ ಹೇಳುವುದಿಲ್ಲ. ಸುಳಿ ಸರಿಯಿಲ್ಲ ಎಂದು ಬೆಲೆ ಇಳಿದ ಒಳ್ಳೆಯ ಕುದುರೆ ನಿಮಗೆ ಲಾಭವೇ. ಮುಂದೆ ಮಾರುವಾಗ ಅದೇ ಕಾರಣಕ್ಕೆ ನಿಮಗೂ ಬೆಲೆ ಕಡಿಮೆ ಬರುತ್ತದೆ, ಅದು ಗೊತ್ತಿರಲಿ.

ಕೊಡಗಿಗೇ ಸೇರಿದ ಒಂದು ಪರೀಕ್ಷೆ ಇದೆ: ಸದ್ದು. ಇಲ್ಲಿ ಆನೆ ಓಡಿಸಲು ಯಾವ ಹೊತ್ತಿನಲ್ಲೂ ಪಟಾಕಿ ಸಿಡಿಯುತ್ತದೆ. ಸುಗ್ಗಿ ಹಬ್ಬ ಹುತ್ತರಿಗೆ ಕದಿರು ಕೊಯ್ಯುವಾಗ ಕೋವಿಯ ಗುಂಡು ಹಾರುತ್ತದೆ. ಪಟ್ಟಣದಲ್ಲಿ ಸಾಧುವಾಗಿದ್ದ ಕುದುರೆ ಈ ಸದ್ದಿಗೆ ಬೇಲಿ ಹಾರಿ ಹೋಗಬಹುದು, ನಮ್ಮ ಬೇಲಿಗಳು ಮುಳ್ಳುತಂತಿಯವು. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಸದ್ದು ಮಾಡಿ ಅದು ಏನು ಮಾಡುತ್ತದೆ ನೋಡಿ. ಬೆಚ್ಚಿಬೀಳುವುದು ತಪ್ಪಲ್ಲ. ಬೆಚ್ಚಿ ಮತ್ತೆ ನಿಲ್ಲುತ್ತದೋ ಇಲ್ಲವೋ ಎನ್ನುವುದನ್ನು ಗಮನಿಸಿ. ತೋಟದಲ್ಲಿ ಸವಾರಿಯೂ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬೇಡ. ಆನೆ ಎಲ್ಲಿದೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ನೋಡಿಕೊಂಡೇ ಹೊರಡಿ.

ಮನಸ್ಸಿಗೆ ಹಿಡಿಸಿತು ಅಂದರೂ ದುಡ್ಡು ಕೊಡುವ ಮೊದಲು ಡಾಕ್ಟರ್ ನೋಡಬೇಕು, ಅದೂ ಮಾರುವವರ ಕಡೆಯ ಡಾಕ್ಟರಲ್ಲ. ಕತ್ತಲಲ್ಲಿ ಕಣ್ಣು, ಓಡಿಸಿದ ಮೇಲೆ ಹೃದಯ ಮತ್ತು ಉಸಿರು, ಕಾಲು ಮಡಚಿ ಹಿಡಿದು ಬಿಟ್ಟ ಕೂಡಲೇ ನಡಿಗೆ, ಸಂಶಯವಿದ್ದರೆ ಎಕ್ಸ್‌ರೇ. ನೋವಿನ ಔಷಧಿ ಕೊಟ್ಟು ಒಂದು ದಿನಕ್ಕೆ ಕುಂಟನ್ನು ಮುಚ್ಚಬಹುದು. ಆ ದಿನವೇ ರಕ್ತ ತೆಗೆಸಿ ಇಟ್ಟುಕೊಂಡರೆ ಆಮೇಲೆ ಪರೀಕ್ಷೆ ಮಾಡಿಸಲು ಆಧಾರವಿರುತ್ತದೆ. ಗ್ಲಾಂಡರ್ಸ್ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಿರಿ. ಅದು ಕುದುರೆಯಿಂದ ಮನುಷ್ಯರಿಗೂ ಬರುವ, ಜೀವ ತೆಗೆಯುವ ರೋಗ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯ ಪ್ರಕಾರ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕು, ರೋಗ ಇರುವ ಕುದುರೆಗೆ ದಯಾಮರಣ ಕೊಡಬೇಕಾಗುತ್ತದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಈ ಪರೀಕ್ಷೆ ನಡೆಯುತ್ತದೆ. ವರದಿ ಬರುವ ತನಕ ಕಾಯಲು ಒಪ್ಪದ ಮಾರಾಟಗಾರರ ಹತ್ತಿರ ವ್ಯಾಪಾರವೇ ಬೇಡ. ಕಾಗದದಲ್ಲಿ ಕುದುರೆಯ ಬಣ್ಣ, ಹಣೆಯ ಗುರುತು, ಕಾಲಿನ ಬಿಳುಪು, ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆ ಎಲ್ಲವನ್ನೂ ಬರೆಸಿ.

ಕುದುರೆ ಗುಂಪಿನ ಪ್ರಾಣಿ. ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ, ಮರ ಕಚ್ಚಿ ಗಾಳಿ ನುಂಗುವ, ನಿಂತಲ್ಲೇ ತೂಗಾಡುವ ಅಭ್ಯಾಸ ಹಿಡಿಯುತ್ತದೆ. ಇನ್ನೊಂದು ಕುದುರೆ ಆಗದಿದ್ದರೆ ಒಂದು ಆಡಾದರೂ ಜೊತೆಗಿರಲಿ.

ಮಗಳಿಗೆ ಈಗ ಹನ್ನೊಂದು ವರ್ಷ, ತಂದ ಕುದುರೆಗೆ ಹನ್ನೆರಡು ಅಂದುಕೊಳ್ಳಿ. ಇನ್ನು ಏಳು ವರ್ಷಕ್ಕೆ ಅವಳು ಮೈಸೂರಿಗೋ ಬೆಂಗಳೂರಿಗೋ ಓದಲು ಹೋಗುತ್ತಾಳೆ. ಕುದುರೆ ಆಗ ಹತ್ತೊಂಬತ್ತರದ್ದು, ಇನ್ನೂ ಎಂಟು–ಹತ್ತು ವರ್ಷ ಬದುಕಬಹುದು. ಆಗ ಬೆಳಿಗ್ಗೆ ಆರಕ್ಕೆ ಎದ್ದು ಲದ್ದಿ ತೆಗೆಯುವವರು ಯಾರು? ದಿನಕ್ಕೆ 15–20 ಕಿಲೋ ಲದ್ದಿ, ಗೊಬ್ಬರವಾಗಿ ಕಳಿತರೆ ಕಾಫಿಗೆ ಚಿನ್ನ, ತೆಗೆಯದಿದ್ದರೆ ನೊಣದ ರಾಶಿ. ಸವಾರಿಗೆ ಬಾರದ ಮುದಿ ಕುದುರೆಯನ್ನು ಯಾರಿಗೋ ಕೊಟ್ಟುಬಿಟ್ಟರೆ ಅದು ಕೈಯಿಂದ ಕೈಗೆ ಇಳಿಯುತ್ತಾ ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ನೋಡಿದ್ದೇನೆ, ಬರೆಯಲು ಮನಸ್ಸು ಬರುವುದಿಲ್ಲ. ಸತ್ತಾಗ ಹೂಳಲು ಜೆಸಿಬಿ ಬರುವ ಜಾಗ ಬೇಕು ಎನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ.

ಇದನ್ನೆಲ್ಲ ಕೇಳಿಯೂ ಆಸೆ ಇಳಿಯದವರಿಗೆ ನಾನು ಹೇಳುವುದು ಇಷ್ಟೇ: ಒಂದು ಮಳೆಗಾಲ ಬೇರೆಯವರ ಕುದುರೆ ನೋಡಿಕೊಳ್ಳಿ. ಹೋದ ವರ್ಷ ಒಬ್ಬ ಅಪ್ಪ–ಮಗಳು ಒಪ್ಪಿಕೊಂಡರು. ಜೂನ್‌ನಿಂದ ವಾರಕ್ಕೆ ನಾಲ್ಕು ದಿನ, ಶಾಲೆಗೆ ಮುಂಚೆ, ನಮ್ಮ ಲಾಯಕ್ಕೆ ಬರುತ್ತಿದ್ದರು. ಮೊದಲ ವಾರ ಅವಳಿಗೆ ಹಿಂಗಾಲು ಎತ್ತಲು ಆಗುತ್ತಿರಲಿಲ್ಲ. ಕುದುರೆ ಬೇಕೆಂದೇ ಭಾರವೆಲ್ಲ ಅವಳ ಮೇಲೆ ಬಿಡುತ್ತಿತ್ತು. ಆಗಸ್ಟಿಗೆ ಅವಳು ಪಕ್ಕದಲ್ಲಿ ನಿಂತು ಕೈ ಕೆಳಗಿಳಿಸಿದರೆ ಸಾಕು, ಅದೇ ಕಾಲು ಎತ್ತಿಕೊಡುತ್ತಿತ್ತು. ಗೀರಿನಲ್ಲಿ ಕೊಕ್ಕೆ ಆಡಿಸಿ, ಮೂಗು ಹತ್ತಿರ ಒಯ್ದು, ‘ಇವತ್ತು ವಾಸನೆ ಇಲ್ಲ ಅಂಕಲ್’ ಎನ್ನುತ್ತಿದ್ದಳು.

ಅಕ್ಟೋಬರಿನಲ್ಲಿ ಅವಳ ಅಪ್ಪ ಗಾರೆಯವರನ್ನು ಕರೆಸಿ, ಕಣದ ಪಕ್ಕದ ಹಳೆಯ ಶೆಡ್ಡಿನ ನೆಲವನ್ನು ಒಂದೂವರೆ ಅಡಿ ಎತ್ತರಿಸಿದರು. ಮಾಡು ಮುಂದಕ್ಕೆ ಚಾಚಿದರು. ಈ ಮಳೆಗೆ ಒಳಗೆ ಇರಚಲು ಬರುತ್ತದೋ ಇಲ್ಲವೋ ನೋಡಿಕೊಂಡು, ಆಮೇಲೆ ಕುದುರೆ ಹುಡುಕುತ್ತಾರಂತೆ.